ಇಂಜೆರಾ ಬರೀ ಹುಳಿ ದೋಸೆ ಅಲ್ಲ ಮೇಡಂ

ಇಥಿಯೋಪಿಯಾದ ಅಡಿಸ್ ಅಬಾಬಾ ಬಗ್ಗೆ ನೀವು ಬರೆದ ಪ್ರವಾಸದ ಬರಹ ಚೆನ್ನಾಗಿದೆ. ಆದರೆ ಅಲ್ಲಿನವರ ದಿನದ ಊಟವಾದ ಇಂಜೆರಾವನ್ನು 'ಹುಳಿ ದೋಸೆ' ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿರಲ್ಲ! ರೊಟ್ಟಿ ತಿಂದು ಬೆಳೆದ ಕಲಬುರಗಿಯವನಿಗೆ ಸ್ವಲ್ಪ ಬೇಜಾರಾಯಿತು.

ನನ್ನ ತಮ್ಮ ಅಲ್ಲಿ ಪಾಠ ಮಾಡುತ್ತಿದ್ದಾಗ ಹದಿನೈದು ದಿನ ಇದ್ದು ಬಂದಿದ್ದೆ. ಇಂಜೆರಾ ಮಾಡುವುದು ಟೆಫ್ ಅಂತ ಒಂದು ಕಾಳಿನಿಂದ, ಸಾಸಿವೆಗಿಂತ ಸಣ್ಣದು. ಅದರ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ದೊಡ್ಡ ಹಂಚಿನ ಮೇಲೆ ಹುಯ್ಯುತ್ತಾರೆ. ಮಗುಚಿ ಹಾಕುವುದೇ ಇಲ್ಲ. ಮೇಲೆಲ್ಲ ಕಣ್ಣು ಕಣ್ಣು. ಪಲ್ಯ, ಬೇಳೆ ಎಲ್ಲ ಅದರ ಮೇಲೇ ಬಡಿಸುತ್ತಾರೆ, ಸುತ್ತ ಕೂತು ಮುರಿದು ತಿನ್ನುವುದು. ಬುಧವಾರ, ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ನನಗಂತೂ ಹಬ್ಬ! ಶಿರೋ ಅಂತ ಕಡಲೆ ಹಿಟ್ಟಿನದು ಒಂದಿದೆ, ನಮ್ಮ ಝುಣಕ ತೆಳ್ಳಗಾದಂತೆ. ಶೇಂಗಾ ಹಿಂಡಿ ಒಂದು ಇರಬೇಕಿತ್ತು, ಅಷ್ಟೇ.

ತಮ್ಮನ ಮನೆ ಮಾಲೀಕರ ತಾಯಿ ಒಂದು ತುತ್ತು ಸುತ್ತಿ ನೇರ ನನ್ನ ಬಾಯಿಗೇ ಇಟ್ಟರು. ಅದಕ್ಕೆ ಗುರ್ಶಾ ಅಂತಾರೆ. ಐವತ್ತರ ಗಂಡಸು ನಾನು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಂದಕ್ಕೇ ಬಿಡಲಿಲ್ಲ ಅಜ್ಜಿ.

'ಮೂರು ಗಂಟೆಗೆ ಕಾಫಿಗೆ ಬಾ' ಅಂದಿದ್ದರು. ಮಧ್ಯಾಹ್ನ ಮೂರಕ್ಕೆ ಹೋದೆ. ಅಲ್ಲಿ ಗಂಟೆ ಎಣಿಸುವುದು ಬೆಳಗಿನಿಂದ, ಅವರ ಮೂರು ಅಂದರೆ ನಮ್ಮ ಬೆಳಿಗ್ಗೆ ಒಂಬತ್ತು! ಅಜ್ಜಿ ನಕ್ಕು, ನನ್ನೆದುರೇ ಮತ್ತೆ ಹಸಿ ಬೀಜ ಹುರಿಯಲು ಕೂತರು. ಮೂರು ಸುತ್ತು ಕಾಫಿ, ಜೊತೆಗೆ ಪಾಪ್‌ಕಾರ್ನ್.