ಬನ್ನಿ ಎಲೆಗೂ ಒಂದು ಡೈ ಬೇಕು

ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಹರಿತ ಅಂಚಿನ ಲೋಹದ ಅಚ್ಚಿಗೆ ಡೈ ಎನ್ನುತ್ತಾರೆ. ಅಂಥ ಡೈ ಕಟಿಂಗ್ ಯಂತ್ರದಲ್ಲಿ ಹಾಯಿಸಿ ಮಾಡಿದ ಶುಭಾಶಯ ಪತ್ರವನ್ನು ಕೈಕೆಲಸವೆಂದು ಕರೆಯಬಹುದೇ ಎಂಬ ಪ್ರಶ್ನೆಗೆ ನನ್ನ ಸುತ್ತಲಿನವರಲ್ಲಿ ಎರಡು ಉತ್ತರಗಳಿವೆ. ಸೊಲ್ಲಾಪುರದಲ್ಲಿ ನನ್ನ ನೆರೆಯ ಮರಾಠಿ ಕುಟುಂಬದವರೂ ವಿಜಯಪುರದ ಕಡೆಯ ನನ್ನ ಹಿರಿಯ ನೆಂಟರೂ ಕತ್ತರಿ ಹಿಡಿದು ಮಾಡಿದ್ದಷ್ಟೇ ಕೈಕೆಲಸ, ಉಳಿದದ್ದು ಅಂಗಡಿಯ ಸರಕು ಎನ್ನುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿದ ಅಕ್ಕನ ಮಕ್ಕಳಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅವರು ವಿದೇಶದಿಂದ ಬಂದ ಡೈಗಳನ್ನು ಪೆಟ್ಟಿಗೆಗಟ್ಟಲೆ ಇಟ್ಟುಕೊಂಡಿದ್ದಾರೆ. ಅವರು ಕಳುಹಿಸುವ ಕಾರ್ಡುಗಳ ಅಂಚು ನಯವಾಗಿರುತ್ತದೆ, ಪದರಗಳು ಅಚ್ಚುಕಟ್ಟಾಗಿರುತ್ತವೆ, ಆದರೆ ದೀಪಾವಳಿಗೆ ಬಂದ ಕಾರ್ಡಿನ ಮೇಲೂ ಹಿಮದ ಹರಳು ಮತ್ತು ನಾವು ಕಾಣದ ಹೂಗಳ ಬಳ್ಳಿ ಇರುತ್ತವೆ, ಏಕೆಂದರೆ ಪೆಟ್ಟಿಗೆಯಲ್ಲಿ ಸಿಗುವ ಆಕಾರಗಳೇ ಅವು. ಯಂತ್ರದ ಮೇಲೆ ನಮ್ಮ ಹಿರಿಯರಿಗಿರುವ ಸಂಶಯ ಅನಗತ್ಯವೆಂದೂ, ಆಕಾರದ ವಿಷಯದಲ್ಲಿ ಕಿರಿಯರು ತೋರುವ ಉದಾಸೀನವೇ ನಿಜವಾದ ನಷ್ಟವೆಂದೂ ನಾನು ತಿಳಿದಿದ್ದೇನೆ. ಮಕ್ಕಳು ಮನೆಯ ಹೊರಗೆ ಕನ್ನಡದ ಗುರುತುಗಳನ್ನು ಅಪರೂಪಕ್ಕೆ ಕಾಣುವ ನಮ್ಮಂಥ ಊರುಗಳಲ್ಲಂತೂ ಈ ನಷ್ಟ ದೊಡ್ಡದು.

ಮೊದಲು ಯಂತ್ರದ ವಿಷಯ. ಮನೆಯಲ್ಲಿ ಬಳಸುವ ಸಾಧಾರಣ ಡೈ ಯಂತ್ರಕ್ಕೆ ವಿದ್ಯುತ್ತು ಬೇಕಿಲ್ಲ. ಒಂದರ ಮೇಲೊಂದು ಬಿಗಿಯಾಗಿ ಕೂತ ಎರಡು ಉರುಳೆಗಳು, ಅವನ್ನು ತಿರುಗಿಸಲು ಒಂದು ಹಿಡಿಕೆ, ಇಷ್ಟೇ ಅದರ ರಚನೆ. ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಹಲಗೆಗಳ ನಡುವೆ ಕಾಗದವನ್ನೂ ಡೈಯನ್ನೂ ಇಟ್ಟು, ಡೈಯ ಹರಿತವಾದ ಅಂಚು ಕಾಗದಕ್ಕೆ ಎದುರಾಗುವಂತೆ ಹೊಂದಿಸಿ ಹಿಡಿಕೆ ತಿರುಗಿಸಿದರೆ, ಉರುಳೆಗಳ ಒತ್ತಡಕ್ಕೆ ಅಂಚು ಕಾಗದವನ್ನು ಸೀಳಿಕೊಂಡು ಹಲಗೆಯನ್ನು ಮುಟ್ಟುತ್ತದೆ. ಡೈಗಳಲ್ಲಿ ಎರಡು ಜಾತಿ. ತೆಳುವಾದ ಉಕ್ಕಿನ ತಗಡನ್ನು ರಾಸಾಯನಿಕದಿಂದ ಕೊರೆದು ಮಾಡಿದವು ಒಂದು ಮಿಲಿಮೀಟರಿನ ಆಸುಪಾಸು ದಪ್ಪವಿದ್ದು, ಕುಸುರಿಯಂಥ ಸೂಕ್ಷ್ಮ ಆಕಾರಗಳಿಗೆ ಒಗ್ಗುತ್ತವೆ. ಆದರೆ ಒಮ್ಮೆಗೆ ಒಂದೆರಡು ಹಾಳೆಗಿಂತ ಹೆಚ್ಚು ಕತ್ತರಿಸಲಾರವು. ಉಕ್ಕಿನ ಪಟ್ಟಿಯನ್ನು ಆಕಾರಕ್ಕೆ ತಕ್ಕಂತೆ ಬಾಗಿಸಿ ಹಲಗೆಯಲ್ಲಿ ಕೂಡಿಸಿದವು ಎರಡನೆಯ ಜಾತಿ. ಇವು ದಪ್ಪ ರಟ್ಟು, ಬಟ್ಟೆ, ಹಲವು ಪದರದ ಕಾಗದ ಎಲ್ಲವನ್ನೂ ತುಂಡರಿಸುತ್ತವೆ. ಆದರೆ ಬಹಳ ಚಿಕ್ಕ ತಿರುವುಗಳಿಗೆ ಪಟ್ಟಿ ಬಾಗುವುದಿಲ್ಲ. ಗಣಕಕ್ಕೆ ಜೋಡಿಸಿ ಚಿಕ್ಕ ಅಲಗಿನಿಂದ ಕತ್ತರಿಸುವ ಯಂತ್ರಗಳೂ ಇವೆ, ಅವುಗಳ ದಾರಿಯೇ ಬೇರೆ.

ಈ ಯಂತ್ರ ಕತ್ತರಿಸುತ್ತದೆ, ಅಷ್ಟೇ. ತಳದ ಕಾರ್ಡಿಗೆ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಕಾಗದ ಬೇಕೋ, ಮೇಲಿನ ಪದರಕ್ಕೆ ಹಗುರವಾದದ್ದು ಸಾಕೋ ಎಂದು ನಿರ್ಧರಿಸುವುದು, ಕಾಗದದ ಎಳೆ ಯಾವ ಕಡೆ ಓಡುತ್ತದೆಂದು ನೋಡಿ ಅದೇ ದಿಕ್ಕಿಗೆ ಮಡಿಕೆ ಹಾಕುವುದು, ಶಾಯಿ ಮುಗಿದ ಬಾಲ್ ಪೆನ್ನನ್ನು ಉಕ್ಕಿನ ಸ್ಕೇಲಿಗೆ ಒತ್ತಿ ಎಳೆದು ಮಡಿಕೆಯ ಗೀರು ಮೂಡಿಸುವುದು, ಕುಸುರಿ ಡೈಯೊಳಗೆ ಕಾಗದ ಸಿಕ್ಕಿಕೊಳ್ಳದಂತೆ ನಡುವೆ ಬೆಣ್ಣೆ ಕಾಗದ ಇಡುವುದು, ಒಂದು ಮೂಲೆ ಸರಿಯಾಗಿ ಕತ್ತರಿಸದಿದ್ದರೆ ಅಲ್ಲಿಗೆ ಮಾತ್ರ ತೆಳು ಕಾಗದದ ಒತ್ತು ಕೊಡುವುದು, ಇವೆಲ್ಲ ಕೈಯ ಮತ್ತು ಕಣ್ಣಿನ ಕೆಲಸಗಳೇ. ಹತ್ತಿಯ ಚಿಂದಿಯಿಂದ ತಯಾರಾದ ಕೈಕಾಗದ ಬಳಸುವವರಿಗಂತೂ ಈ ಕಣ್ಣು ತೀರ ಅಗತ್ಯ. ಅದರ ನಾರು ಉದ್ದವಾಗಿರುವುದರಿಂದ ಕುಸುರಿ ಡೈಗಳಲ್ಲಿ ಅಂಚು ಜುಂಗುಜುಂಗಾಗುತ್ತದೆ. ಉಕ್ಕಿನ ಪಟ್ಟಿಯ ಡೈಗಳಲ್ಲಿ ಅದೇ ಕಾಗದ ಅಂದವಾಗಿ ತುಂಡಾಗುತ್ತದೆ.

ಡೈಯಿಂದ ಕತ್ತರಿಸುವ ವಿದ್ಯೆ ಯಂತ್ರಯುಗದಲ್ಲಿ ಮೊದಲು ಬೆಳೆದದ್ದು ಪಾದರಕ್ಷೆಯ ಉದ್ಯೋಗದಲ್ಲಿ, 19ನೆಯ ಶತಮಾನದಲ್ಲಿ, ಅಟ್ಟೆಗಳನ್ನು ಒಂದೇ ಅಳತೆಗೆ ತೆಗೆಯುವುದಕ್ಕಾಗಿ. ನಮ್ಮ ಭಾಗದ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಅದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಬಂದಿತು; ಸೊಲ್ಲಾಪುರವೂ ವಿಜಯಪುರವೂ ಆ ಎಂಟರಲ್ಲಿವೆ. ಆ ಚಪ್ಪಲಿಯ ತೊಗಲಿನ ಮೇಲೆ ತೂತು ಹಾಕಲು, ಚಿತ್ತಾರ ಒತ್ತಲು ಕುಶಲಕರ್ಮಿಗಳು ಲೋಹದ ಅಚ್ಚುಗಳನ್ನು ಬಳಸುತ್ತಾರೆಂಬ ಕಾರಣಕ್ಕೆ ಅದು ಕೈಕೆಲಸವಲ್ಲವೆಂದು ಯಾರೂ ಹೇಳಿಲ್ಲ.

ಸೊಲ್ಲಾಪುರಕ್ಕೆ ಇನ್ನೂ ಹತ್ತಿರದ ಉದಾಹರಣೆ ಚಾದರದ ಮಗ್ಗದ್ದು. ಇಲ್ಲಿನ ಚಾದರಕ್ಕೆ ಚಿತ್ತಾರ ಬರುವುದು ಜಕಾರ್ಡ್ ಯಂತ್ರದಿಂದ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜೋಸೆಫ್ ಮಾರಿ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ಸಾಧನದಲ್ಲಿ ಹೊಕ್ಕಿನ ಒಂದೊಂದು ಎಳೆಗೆ ಒಂದೊಂದು ರಟ್ಟಿನ ಕಾರ್ಡು ಇರುತ್ತದೆ; ಕಾರ್ಡಿನಲ್ಲಿ ತೂತಿದ್ದಲ್ಲಿ ಕೊಕ್ಕೆ ಮೇಲೇರಿ ಹಾಸಿನ ಎಳೆಯನ್ನು ಎತ್ತುತ್ತದೆ, ತೂತಿಲ್ಲದಲ್ಲಿ ಎತ್ತುವುದಿಲ್ಲ. ಚೌಕುಳಿ ಕಾಗದದ ಮೇಲೆ ಬರೆದ ನಕ್ಷೆಯನ್ನು ಸಾಲುಸಾಲಾಗಿ ಓದುತ್ತ ಕಾರ್ಡುಗಳಿಗೆ ತೂತು ಹೊಡೆಯುವವರು ಈ ಊರಿನಲ್ಲಿ ಒಂದು ಕಾಲಕ್ಕೆ ಬಹಳ ಮಂದಿ ಇದ್ದರು. ವಿದ್ಯುನ್ಮಾನ ಜಕಾರ್ಡ್ ಬಂದ ಕಡೆಗಳಲ್ಲಿ ಆ ಕೆಲಸ ಇಲ್ಲವಾಗುತ್ತಿದೆ. ಮಗ್ಗ ಫ್ರಾನ್ಸಿನ ತತ್ತ್ವದ್ದು, ನೇಯುವವರಲ್ಲಿ ತೆಲುಗರು ಹೆಚ್ಚು, ಊರು ಮರಾಠಿಯದು ಮತ್ತು ಕನ್ನಡದ್ದು. ಆದರೂ ಚಾದರ ಸೊಲ್ಲಾಪುರದ್ದೇ ಆಯಿತು, ಏಕೆಂದರೆ ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದ ಕೈ ಇಲ್ಲಿಯದಾಗಿತ್ತು. ಡೈ ಯಂತ್ರದಿಂದ ನಾನು ಬಯಸುವುದೂ ಇದನ್ನೇ.

ಮರಾಠಿ ನೆರೆಯವರ ಪದ್ಧತಿಯಲ್ಲಿ ನಾವು ಕಲಿಯಬೇಕಾದದ್ದು ಬಹಳವಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ದೀಪಾವಳಿಗೆ ಮುಂಚೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಬಿದಿರಿನ ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಕೆಳಗೆ ಝಿರಮಿಳ್ಯಾ ಎಂಬ ಕಾಗದದ ಝಾಲರಿಗಳನ್ನು ಇಳಿಬಿಟ್ಟು ಆಕಾಶಕಂದೀಲು ಮಾಡುತ್ತಾರೆ. ನಮ್ಮ ಕಡೆಯ ಆಕಾಶಬುಟ್ಟಿಯೂ ಹೀಗೆಯೇ ತಯಾರಾಗುತ್ತಿತ್ತು. ಈಗ ಹೆಚ್ಚಾಗಿ ಪೇಟೆಯಿಂದ ಬರುತ್ತದೆ. ಹಬ್ಬಕ್ಕೆ ಸೇರಿದ ಆಕಾರವನ್ನು ಹಬ್ಬದ ಮುಂಚೆ ಮನೆಯಲ್ಲಿಯೇ ಮಾಡಬೇಕೆಂಬ ಹಟ ಅವರಲ್ಲಿ ಉಳಿದುಕೊಂಡಿದೆ.

ದಸರೆಯಲ್ಲಿ ಎರಡು ಪದ್ಧತಿಗಳ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಮರಾಠಿಗರು ಆಪಟೆಯ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ನಮ್ಮವರು ಬನ್ನಿಯನ್ನು ಕೊಟ್ಟು ‘ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣ’ ಎನ್ನುತ್ತಾರೆ. ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಎರಡೂ ನಡೆಯುತ್ತವೆ. ಕಾರ್ಡು ಮಾಡುವವರ ಕಣ್ಣಿಗೆ ಆಪಟೆಯ ಎಲೆ ಒಂದು ವರವೇ ಸರಿ: ಜೋಡಿ ದುಂಡು ಹಾಳೆ, ನಡುವೆ ಒಂದು ನರ, ಆ ನರದಗುಂಟ ಮಡಚಿದರೆ ಎಲೆ ತಾನೇ ಕಾರ್ಡಾಗುತ್ತದೆ. ಉಕ್ಕಿನ ಪಟ್ಟಿಯ ಡೈಗೆ ಇಷ್ಟು ಸುಲಭವಾಗಿ ಒಗ್ಗುವ ಹಬ್ಬದ ಆಕಾರ ಇನ್ನೊಂದು ನನಗೆ ಕಂಡಿಲ್ಲ. ಬನ್ನಿಯದು ಹಾಗಲ್ಲ. ಅದರ ಕಡ್ಡಿಯ ಇಕ್ಕೆಲಗಳಲ್ಲಿ ಸಾಲಾಗಿ ಕೂತ ಕಿರುಎಲೆಗಳನ್ನು ಅಷ್ಟೇ ಚಿಕ್ಕದಾಗಿ ಕತ್ತರಿಸಹೋದರೆ ಕಾಗದ ಹರಿಯುತ್ತದೆ, ದೊಡ್ಡದು ಮಾಡಿದರೆ ಬನ್ನಿಯೆಂದು ಗುರುತು ಹತ್ತುವುದಿಲ್ಲ. ಕೊರೆದು ಮಾಡಿದ ತೆಳು ಡೈ ಬೇಕು. ಕಿರುಎಲೆಗಳ ಸಂಖ್ಯೆಯನ್ನು ಇಳಿಸಿ, ಪ್ರತಿಯೊಂದೂ ಕಡ್ಡಿಗೆ ಗಟ್ಟಿಯಾಗಿ ಕೂಡುವಂತೆ ಮೊದಲು ಕೈಯಲ್ಲಿ ಬಿಡಿಸಿಕೊಳ್ಳಬೇಕು. ಈ ಬಿಡಿಸುವ ಕೆಲಸವನ್ನು ಯಾವ ವಿದೇಶೀ ತಯಾರಕನೂ ನಮಗಾಗಿ ಮಾಡಿಕೊಡುವುದಿಲ್ಲ. ದಸರೆಯ ಹೊತ್ತಿಗೆ ಆಪಟೆಯ ಗಿಡಗಳನ್ನು ಬೋಳು ಮಾಡಬೇಡಿರೆಂದು ಪರಿಸರದ ಕಾಳಜಿಯುಳ್ಳವರು ಮಹಾರಾಷ್ಟ್ರದಲ್ಲಿ ಕೇಳಿಕೊಳ್ಳುತ್ತಲೇ ಬಂದಿದ್ದಾರೆ. ಕಾಗದದ ಎಲೆ ಹಂಚುವುದಕ್ಕೆ ಈ ಕಾರಣವೊಂದೇ ಸಾಕೆಂದು ನನಗನಿಸುತ್ತದೆ.

ಸಂಕ್ರಾಂತಿಗೆ ಈ ಊರಿನಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆ ನಡೆಯುತ್ತದೆ, ಎತ್ತರದ ನಂದಿಧ್ವಜಗಳು ಬೀದಿಗಿಳಿಯುತ್ತವೆ. 12ನೆಯ ಶತಮಾನದ ಆ ಶಿವಯೋಗಿ ವಚನ ರಚಿಸಿದ್ದು ಕನ್ನಡದಲ್ಲಿ. ಆ ಊರಿನ ಮಗುವೊಂದು ಸಂಕ್ರಾಂತಿಯ ಕಾರ್ಡಿನ ಮೇಲೆ ಕನ್ನಡದಲ್ಲಿ ಶುಭಾಶಯ ಕತ್ತರಿಸಿ ಅಂಟಿಸಲು ಹೊರಟರೆ ಏನಾಗುತ್ತದೆ ನೋಡಿ. ದೇವನಾಗರಿಯಲ್ಲಿ ‘ಸಂಕ್ರಾಂತಿ’ ಎಂದು ಬರೆದರೆ ಮೇಲಿನ ಶಿರೋರೇಖೆ ಅಕ್ಷರಗಳನ್ನೆಲ್ಲ ಹಿಡಿದುಕೊಂಡಿರುವುದರಿಂದ ಪದ ಒಂದೇ ತುಂಡಾಗಿ ಬರುತ್ತದೆ, ಅನುಸ್ವಾರದ ಎರಡು ಚುಕ್ಕೆಗಳಷ್ಟೇ ಬೇರೆ. ಕನ್ನಡದಲ್ಲಿ ಅಕ್ಷರಗಳು ಬಿಡಿಬಿಡಿ. ಎರಡು ಸೊನ್ನೆಗಳು ಎರಡು ಬಳೆಗಳಾಗಿ ಪ್ರತ್ಯೇಕ ನಿಲ್ಲುತ್ತವೆ, ಹಲವು ಅಚ್ಚುಗಳಲ್ಲಿ ಒತ್ತಕ್ಷರವೂ ಕೆಳಗೆ ಒಂಟಿಯಾಗಿ ಉದುರುತ್ತದೆ. ಪ್ರತಿಯೊಂದನ್ನೂ ಚಿಮಟದಿಂದ ಎತ್ತಿ, ಸಾಲು ನೋಡಿ ಅಂಟಿಸಬೇಕು. ರೋಮನ್ ಅಕ್ಷರಗಳ ಡೈಗಳು ಹೇರಳವಾಗಿ ಸಿಗುತ್ತಿರುವಾಗ ಮಕ್ಕಳು ಇಂಗ್ಲಿಷಿನ ‘ಹ್ಯಾಪಿ’ ಡೈಗೆ ಕೈಹಾಕಿದರೆ ಅವರ ಮೇಲೆ ತಪ್ಪು ಹೊರಿಸಲಾಗದು.

ಇದಕ್ಕೆ ಪರಿಹಾರವಿದೆ, ಮತ್ತು ಅದು ಯಂತ್ರಕ್ಕಿಂತ ಮುಂಚಿನದು. ಅಂಗಡಿಯ ಫಲಕ ಬರೆಯುತ್ತಿದ್ದ ನಮ್ಮ ಕಲಾವಿದರು ಒತ್ತಕ್ಷರವನ್ನು ಮೇಲಿನ ಅಕ್ಷರದ ಹೊಟ್ಟೆಗೆ ತಗುಲಿಸಿ, ಒಂದು ಅಕ್ಷರದ ಬಾಲವನ್ನು ಮುಂದಿನದರ ಬೆನ್ನಿಗೆ ಸೇರಿಸಿ ಬರೆಯುವ ಬಗೆಯೊಂದನ್ನು ಬೆಳೆಸಿದ್ದರು. ಆ ಬಗೆಯಲ್ಲಿ ಬರೆದ ಕನ್ನಡ ಪದ ದೇವನಾಗರಿಯಷ್ಟೇ ಗಟ್ಟಿಯಾಗಿ ಒಂದೇ ತುಂಡಾಗಿ ನಿಲ್ಲುತ್ತದೆ. ಹಾಗೆ ಬರೆಯಲು ಬಾರದ ಪದಗಳಿಗೆ, ಪದದ ಸುತ್ತ ಎರಡು ಮೂರು ಮಿಲಿಮೀಟರು ಹೊರಗೆ ಹಾಯ್ದ ಒಂದೇ ರೇಖೆಯ ನೆರಳಿನ ಡೈ ಮಾಡಿಸಿಕೊಂಡರೆ, ಅಕ್ಷರಗಳನ್ನು ಆ ನೆರಳಿನ ಮೇಲೆ ತಪ್ಪದೆ ಕೂಡಿಸಬಹುದು.

ಸಂಕ್ರಾಂತಿಗೇ ಸೇರಿದ ಇನ್ನೊಂದು ಪದ್ಧತಿಯನ್ನು ವಿದೇಶದ ಕಾರ್ಡುಕಲೆಯಿಂದ ನಿಸ್ಸಂಕೋಚವಾಗಿ ತೆಗೆದುಕೊಳ್ಳಬಹುದು. ಅಲ್ಲಿನವರು ಶೇಕರ್ ಕಾರ್ಡೆಂಬುದನ್ನು ಮಾಡುತ್ತಾರೆ: ಡೈಯಿಂದ ಕಿಟಕಿಯೊಂದನ್ನು ಕತ್ತರಿಸಿ, ಹಿಂದೆ ಪಾರದರ್ಶಕ ಹಾಳೆ ಅಂಟಿಸಿ, ಸುತ್ತಲೂ ದಪ್ಪನೆಯ ಫೋಮಿನ ಪಟ್ಟಿ ಏರಿಸಿ, ಒಳಗೆ ಮಣಿಗಳನ್ನು ತುಂಬಿ ಮುಚ್ಚಿದರೆ ಕಾರ್ಡು ಅಲುಗಿಸಿದಾಗಲೆಲ್ಲ ಮಣಿಗಳು ಉರುಳಾಡುತ್ತವೆ. ನಮ್ಮಲ್ಲಿ ಕುಸುರೆಳ್ಳಿನ (ಮರಾಠಿಯಲ್ಲಿ ಇದಕ್ಕೆ ‘ಹಲವಾ’ ಎನ್ನುತ್ತಾರೆ) ಚಿಕ್ಕ ಪೊಟ್ಟಣವನ್ನು ಅಂಟಿಸಿ ಸಂಕ್ರಾಂತಿಯ ಕಾರ್ಡನ್ನು ಅಂಚೆಗೆ ಹಾಕುವ ರೂಢಿ ಇದ್ದೇ ಇದೆ. ಕಿಟಕಿಯೊಳಗೆ ಆ ಬಣ್ಣಬಣ್ಣದ ಕುಸುರೆಳ್ಳನ್ನೇ ತುಂಬಿದರೆ ಎರಡು ಕಡೆಯ ಪದ್ಧತಿಗಳೂ ಒಂದಾಗುತ್ತವೆ. ಸಕ್ಕರೆ ತೇವ ಹೀರುವುದರಿಂದ ಕುಸುರೆಳ್ಳನ್ನು ನೇರವಾಗಿ ಕಾಗದಕ್ಕೆ ತಾಗಿಸದೆ, ತಳಕ್ಕೂ ಪಾರದರ್ಶಕ ಹಾಳೆ ಹಾಕಿ ನಾಲ್ಕೂ ಬದಿ ಸಂದಿಲ್ಲದಂತೆ ಮುಚ್ಚಬೇಕು. ತೂಕ 20 ಗ್ರಾಂ ದಾಟಿದರೆ ಅಂಚೆಯ ದರ ಏರುತ್ತದೆ. ಆದ್ದರಿಂದ ಕಿಟಕಿ ಚಿಕ್ಕದಿರಲಿ, ಒಂದು ಚಮಚೆ ಕುಸುರೆಳ್ಳು ಸಾಕು.

ಇಂಥ ಡೈಗಳನ್ನು ಎಲ್ಲಿ ಮಾಡಿಸುವುದೆಂದು ಕೇಳುವವರಿಗೆ ನನ್ನ ಉತ್ತರ, ಮುದ್ರಣಾಲಯಗಳ ಓಣಿಗೆ ಹೋಗಿರೆಂಬುದು. ಲಗ್ನಪತ್ರಿಕೆ ಮತ್ತು ಮಿಠಾಯಿ ಡಬ್ಬಿಗಳಿಗಾಗಿ ಡೈ ಪಂಚಿಂಗ್ ಮಾಡುವ ಕಡೆ ಡೈ ಕಟ್ಟುವವರ ಪರಿಚಯ ಇದ್ದೇ ಇರುತ್ತದೆ. ಅವರು ಪ್ಲೈವುಡ್ಡಿನಲ್ಲಿ ರೇಖೆಯ ಗುಂಟ ಸಂದು ಕೊರೆದು, 23.8 ಮಿಲಿಮೀಟರು ಎತ್ತರದ ಉಕ್ಕಿನ ಪಟ್ಟಿಯನ್ನು ಬಾಗಿಸಿ ಅದರಲ್ಲಿ ಬಡಿದು ಕೂಡಿಸುತ್ತಾರೆ. ಕತ್ತರಿಸುವ ಪಟ್ಟಿ ಹರಿತ, ಮಡಿಕೆ ಮೂಡಿಸುವ ಪಟ್ಟಿ ಮೊಂಡು. ಎರಡೂ ಒಂದೇ ಹಲಗೆಯಲ್ಲಿ ಕೂಡುವುದರಿಂದ ಆಪಟೆಯ ಎಲೆಯ ಅಂಚೂ ನಡುವಿನ ನರದ ಮಡಿಕೆಯೂ ಒಂದೇ ಒತ್ತಿಗೆ ಬರುತ್ತವೆ. ಪಟ್ಟಿಯ ಪಕ್ಕಕ್ಕೆ ಅಂಟಿಸಿದ ರಬ್ಬರಿನ ತುಂಡುಗಳು ಕತ್ತರಿಸಿದ ಕಾಗದವನ್ನು ಹೊರಗೆ ತಳ್ಳುತ್ತವೆ. ಈ ಎತ್ತರದ ಡೈ ಮನೆಯ ಚಿಕ್ಕ ಯಂತ್ರದ ಉರುಳೆಗಳ ನಡುವೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಸರಳವಾದ ಎಲೆಗಳನ್ನು ಮುದ್ರಣಾಲಯದಲ್ಲಿಯೇ ಒತ್ತಿಸಿಕೊಂಡು ಬಂದು, ಬಣ್ಣ, ಬರಹ, ಅಂಟಿಸುವಿಕೆಗಳನ್ನು ಮಕ್ಕಳಿಗೆ ಬಿಡಬಹುದು. ಕುಸುರಿಯ ಆಕಾರಗಳಿಗೆ ಮಾತ್ರ ಕೊರೆದ ತೆಳು ಡೈ ಮಾಡಿಸಿದರೆ ಖರ್ಚೂ ಹಿಡಿತದಲ್ಲಿರುತ್ತದೆ.

ಅಮೆರಿಕದ ಎಲಿಸನ್ ಸಂಸ್ಥೆ 1970ರ ದಶಕದಲ್ಲಿ ಇಂಥ ಕೈಯಂತ್ರಗಳನ್ನು ತಯಾರಿಸಲು ತೊಡಗಿದ್ದು ಶಾಲೆಗಳಿಗಾಗಿಯೇ, ಶಿಕ್ಷಕಿಯರು ಫಲಕಗಳಿಗೆ ಅಕ್ಷರ ಕತ್ತರಿಸುವ ಶ್ರಮ ಕಡಿಮೆಯಾಗಲೆಂದು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಿಗೆ ಕರ್ನಾಟಕದಿಂದ ಪ್ರತಿವರ್ಷ ಏನಾದರೂ ಕೊಡಬೇಕೆಂದು ಬರುವ ಹಿತೈಷಿಗಳಿದ್ದಾರೆ. ಶಾಲು, ಹಾರ, ಸ್ಮರಣಿಕೆಗಳಿಗೆ ಬದಲಾಗಿ ನಾಲ್ಕಾರು ಶಾಲೆಗಳಿಗೆ ಕೂಡಿ ಒಂದು ಕೈಯಂತ್ರವನ್ನೂ ಕನ್ನಡ ಅಕ್ಷರಗಳ ಒಂದು ಜೊತೆ ಡೈಯನ್ನೂ ಕೊಡಿಸಿರೆಂದು ಅವರಲ್ಲಿ ನನ್ನ ಬೇಡಿಕೆ. ನಲವತ್ತೊಂಬತ್ತು ಮೂಲಾಕ್ಷರಗಳ ಜೊತೆಗೆ ಗುಣಿತದ ಚಿಹ್ನೆಗಳು, ಒತ್ತಕ್ಷರಗಳು ಬೇಕಾಗುವುದರಿಂದ ಇಡೀ ಜೊತೆಯನ್ನು ಒಮ್ಮೆಗೆ ಮಾಡಿಸುವುದು ದುಬಾರಿ. ಮೊದಲು ‘ಶುಭಾಶಯ’, ‘ಸಂಕ್ರಾಂತಿ’, ‘ದಸರಾ’, ‘ದೀಪಾವಳಿ’, ‘ಯುಗಾದಿ’ ಎಂಬ ಐದು ಪದಗಳನ್ನು ಫಲಕದ ಕಲಾವಿದರಿಂದ ಕೂಡಕ್ಷರದಲ್ಲಿ ಬರೆಸಿ, ಆ ಬರಹಗಳಿಂದಲೇ ಡೈ ಕೊರೆಸುವುದು ಸಾಧ್ಯವಾದ ಆರಂಭ. ಬನ್ನಿಯ ಕಡ್ಡಿಯೊಂದನ್ನು ಬಿಡಿಸಿಕೊಡಲು ನಮ್ಮ ಶಾಲೆಯ ಮಕ್ಕಳೇ ಸಿದ್ಧರಿದ್ದಾರೆ. ಮುಂದಿನ ದಸರೆಗೆ ಮುನ್ನ ಅದನ್ನು ಡೈ ಕಟ್ಟುವವರಿಗೆ ಒಪ್ಪಿಸಬೇಕೆಂದು ನಿರ್ಧರಿಸಿದ್ದೇವೆ.