ಸತ್ಯಾಂಶ: ಗಾಡಿಯಲ್ಲಿ ಸಾಗಿಸುವ ಭಾರದ ಮಷೀನು ಜಾರುವುದಿಲ್ಲವೇ?

"ಗಾಡಿಗೆ ಹೇರಿದ ಭಾರದ ಮಷೀನಿಗೆ ಕಟ್ಟುವ ಬೆಲ್ಟ್ ಬೇಡ, ತನ್ನ ತೂಕಕ್ಕೇ ಕೂತಿರುತ್ತದೆ" ಎಂಬ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ. ಕೈಯಿಂದ ತಳ್ಳಿದರೆ ಅಲುಗುವುದಿಲ್ಲವಲ್ಲ, ನಂಬುವುದು ಸಹಜ. ಆದರೆ ಇದು ತಪ್ಪು. ತೂಕ ಹೆಚ್ಚಿದಷ್ಟೂ ಮುಂದಕ್ಕೆ ನುಗ್ಗುವ ಬಲವೂ ಹೆಚ್ಚುತ್ತದೆ. 200 ಕೆ.ಜಿ. ವೆಲ್ಡಿಂಗ್ ಮಷೀನು ಜೋರು ಬ್ರೇಕಿಗೆ ಸುಮಾರು 160 ಕೆ.ಜಿ. ಬಲದಿಂದ ನುಗ್ಗುತ್ತದೆ, ಸಂಡೂರು, ತೋರಣಗಲ್ಲು ಕಡೆಯ ಗಣಿ ಧೂಳು ಕೂತ, ಗಾಡಿಯ ಕಬ್ಬಿಣದ ನೆಲ ತಡೆಯುವುದು ಬರೀ 40 ಕೆ.ಜಿ.ಯಷ್ಟು.

ನೀವೇ ನೋಡಿ: ಒಂದು ಮೀಟರ್ ತಗಡಿನ ಮೇಲೆ ಕಬ್ಬಿಣದ ತುಂಡಿಟ್ಟು ಒಂದು ತುದಿ ಮೆಲ್ಲಗೆ ಎತ್ತಿ. 60 ಸೆಂ.ಮೀ. ಮುಟ್ಟುವ ಮೊದಲೇ ಜಾರುತ್ತದೆ, ತುಂಡು ಚಿಕ್ಕದಿರಲಿ, ದೊಡ್ಡದಿರಲಿ. ಜೋರು ಬ್ರೇಕ್ ಅಂದರೆ ಸುಮಾರು ಅಷ್ಟು ಎತ್ತಿದಂತೆಯೇ.

ಮಷೀನನ್ನು ಗಾಡಿಯ ಮುಂದಿನ ಗೋಡೆಗೆ ಒತ್ತಿಸಿ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಎರಡು ರ್‍ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಮಾಡುವ ಪಟ್ಟಿ) ಬಿಗಿಯಿರಿ. ಬೆಲ್ಟಿನ ಕೊಕ್ಕೆ ಚಾಸಿಗೆ (ಗಾಡಿಯ ಅಡಿಯ ಚೌಕಟ್ಟಿಗೆ) ಬೋಲ್ಟ್ ಮಾಡಿದ ರಿಂಗಿಗೇ ಇರಲಿ. ತಗಡಿನ ಸ್ಕ್ರೂ ಕಿತ್ತುಬರುತ್ತದೆ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೊಮ್ಮೆ ಬಿಗಿಮಾಡಿ, ಕುಲುಕಾಟಕ್ಕೆ ಬೆಲ್ಟ್ ಸಡಿಲಾಗಿರುತ್ತದೆ.