ಕಾಲಮಿತಿಯ ಟೆನಿಸ್

ಮೊನ್ನೆ ಶಿರಸಿ ಪೇಟೆಯಲ್ಲಿ ನಮ್ಮ ಚಾಲಿ ಅಡಿಕೆ ಟೆಂಡರಿಗೆ ಬಿದ್ದಿತ್ತು. ರೇಟು ತಿಳಿಯುವ ತನಕ ಹೊತ್ತು ಹೋಗಬೇಕಲ್ಲ, ಗೆಳೆಯನೊಬ್ಬನ ಜೊತೆ ಚಾ ಕುಡಿಯುತ್ತ ಕೂತಿದ್ದೆ. ಹಿಂದಿನ ರಾತ್ರಿ ವಿಂಬಲ್ಡನ್ ಫೈನಲ್ ನೋಡಿ ಇಬ್ಬರಿಗೂ ನಿದ್ದೆ ಕೆಟ್ಟಿತ್ತು. ಅವನು ಆಕಳಿಸುತ್ತಲೇ ತೀರ್ಪು ಕೊಟ್ಟ: "ಗಂಡಸರಿಗೆ ಐದು ಸೆಟ್ ಎಂತಕ್ಕೆ ಮಾರಾಯ? ಮೂರಕ್ಕೆ ಮುಗಿಸಲಿ. ಯಾರಿಗೆ ಪುರಸೊತ್ತಿದ್ದು?" ಈಗ ಪಂದ್ಯಕ್ಕೆ ಮೂರು ಸೆಟ್ ಗೆಲ್ಲಬೇಕು, ಅವನ ಲೆಕ್ಕದಲ್ಲಿ ಎರಡು ಗೆದ್ದರೆ ಸಾಕು.

ಹೀಗೆ ಹೇಳಿದವನು ಯಾರು ಅಂದರೆ, ಬೆಳಗಿನ ತನಕ ನಡೆಯುತ್ತಿದ್ದದ್ದನ್ನು ರಾತ್ರಿಯೇ ಮುಗಿಸುವ ಕಾಲಮಿತಿ ಬಂದು ಯಕ್ಷಗಾನ ಹಾಳಾಯಿತು ಅಂತ ಹತ್ತು ವರ್ಷದಿಂದ ಸಿಕ್ಕಲ್ಲೆಲ್ಲ ಜಗಳ ಕಾಯುವ ಮನುಷ್ಯ. ಅದನ್ನೇ ಕೇಳಿದೆ. ನಕ್ಕು, ಕವಳ ಉಗಿಯುವ ನೆಪ ಮಾಡಿ ಎದ್ದು ಹೋದ. ಅವನಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರಸೊತ್ತಿದ್ದವರು ಓದಿ.

ನಮ್ಮ ಕಡೆ 'ಆಟ' ಅಂದರೆ ಯಕ್ಷಗಾನ. ಉಳಿದ ಆಟಗಳೆಲ್ಲ ಅದರ ನಂತರ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇಲ್ಲ, ಗದ್ದೆ ಬಯಲೆಲ್ಲ ನೀರು. ಹಗಲು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಲು ಮಳೆ ಹೊಳವಾಗುವುದನ್ನೇ ಕಾಯುವುದು, ಸಂಜೆ ಟಿವಿ ಮುಂದೆ ಕೂರುವುದು. ಸರಿಯಾಗಿ ಆ ಹೊತ್ತಿಗೇ ವಿಂಬಲ್ಡನ್ ಬರುತ್ತದೆ. ನಾನು ಟೆನಿಸ್ ರಾಕೆಟ್ ಹಿಡಿದದ್ದು ಒಂದೇ ಸಲ, ಧಾರವಾಡದಲ್ಲಿ ಓದುವಾಗ, ಅದೂ ಫೋಟೋಕ್ಕೆ. ಹಾಗಾಗಿ ಇಲ್ಲಿ ಮಾತಾಡುವುದೆಲ್ಲ ಪ್ರೇಕ್ಷಕನಾಗಿ.

ಕಾಲಮಿತಿಯನ್ನು ನಾನು ಪೂರ್ತಿ ತಳ್ಳಿಹಾಕುವವನಲ್ಲ. ಬೆಳಗಿನ ತನಕ ಆಟ ಯಾಕೆ ನಡೆಯುತ್ತಿತ್ತು ಅಂತ ಅಜ್ಜನನ್ನು ಕೇಳಿದರೆ ಕಲೆ, ಪರಂಪರೆ ಅಂತೆಲ್ಲ ಹೇಳುತ್ತಿರಲಿಲ್ಲ. ಸೂಡಿ ಹಿಡಿದು ನಾಲ್ಕು ಮೈಲಿ ನಡೆದು ಬಂದ ಜನ ನಡುರಾತ್ರಿ ಎದ್ದು ಎಲ್ಲಿಗೆ ಹೋಗಬೇಕು? ಬೆಳಕು ಹರಿಯುವ ತನಕ ಎಳೆಯಲೇಬೇಕು. ಮೂರು ಗಂಟೆಯ ಮೇಲೆ ಹಾಸ್ಯಗಾರ ಅದೇ ಮಾತನ್ನು ತಿರುಗಿಸಿ ಮುರುಗಿಸಿ ಆಡುತ್ತಿದ್ದನಲ್ಲ, ಅದರಲ್ಲಿ ಅರ್ಧ ಕಲೆ, ಇನ್ನರ್ಧ ಸೂರ್ಯನಿಗೆ ಕಾಯುವುದು. ಊರಿಗೆ ಬೈಕು ಬಂತು, ಒಂದು ಗಂಟೆಗೆ ಮಂಗಳ ಹಾಡುವುದೂ ಬಂತು. ನನಗೆ ಅದರಲ್ಲಿ ದೊಡ್ಡ ತಪ್ಪು ಕಾಣುವುದಿಲ್ಲ.

ಟೆನಿಸಿನಲ್ಲೂ ಹೀಗೇ ಸೂರ್ಯನಿಗೆ ಕಾಯುವ ಪದ್ಧತಿ ಒಂದಿತ್ತು. ವಿಂಬಲ್ಡನ್ನಿನಲ್ಲಿ 2018ರ ತನಕ ಐದನೇ ಸೆಟ್ಟಿಗೆ ಟೈಬ್ರೇಕ್, ಅಂದರೆ ಸಮಸಮ ಆದಾಗ ಕೆಲವೇ ಪಾಯಿಂಟಿನಲ್ಲಿ ಸೆಟ್ ಇತ್ಯರ್ಥ ಮಾಡುವ ಪದ್ಧತಿ, ಇರಲಿಲ್ಲ. ಎರಡು ಗೇಮ್ ಮುಂದೆ ಹೋಗುವ ತನಕ ಆಡುತ್ತಲೇ ಇರಬೇಕು. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಮೊದಲ ಸುತ್ತಿನ ಒಂದು ಪಂದ್ಯವನ್ನು ಮೂರು ದಿನ ಆಡಿದರು. ಒಟ್ಟು 11 ಗಂಟೆ 5 ನಿಮಿಷ, ಕೊನೆಯ ಸೆಟ್ಟೊಂದೇ 70-68. ಸ್ಕೋರ್‌ಬೋರ್ಡು 47-47ಕ್ಕೇ ಕೈ ಚೆಲ್ಲಿ ನಿಂತಿತ್ತು! ಜಗತ್ತೆಲ್ಲ ಕೊಂಡಾಡಿತು, ನಾನೂ ಕೊಂಡಾಡಿದೆ. ಆದರೆ ಗೆದ್ದ ಇಸ್ನರ್ ಮುಂದಿನ ಸುತ್ತಿನಲ್ಲಿ 6-0, 6-3, 6-2ರಲ್ಲಿ ಸೋತು ಮನೆಗೆ ಹೋದದ್ದು ಎಷ್ಟು ಜನರಿಗೆ ನೆನಪಿದೆ? 2018ರ ಸೆಮಿಫೈನಲಿನಲ್ಲಿ ಮತ್ತೆ ಅದೇ ಇಸ್ನರ್, ಎದುರಿಗೆ ಕೆವಿನ್ ಆ್ಯಂಡರ್ಸನ್, ಆರೂವರೆ ಗಂಟೆ ದಾಟಿ 26-24. ಆ್ಯಂಡರ್ಸನ್ ಗೆದ್ದ. ಫೈನಲಿನಲ್ಲಿ ಜೊಕೊವಿಚ್ ಎದುರು ಮೊದಲೆರಡು ಸೆಟ್ 6-2, 6-2ರಲ್ಲಿ ಕಳಕೊಂಡ, ಮೂರನೆಯದರಲ್ಲಿ ಅಷ್ಟಿಷ್ಟು ಹೋರಾಡಿ ಸೋತ. ಇಬ್ಬರು ದೈತ್ಯರು ಸರ್ವ್ ಮಾಡುತ್ತಾರೆ, ಎದುರಿನವನು ನೋಡುತ್ತಾನೆ, ಮತ್ತೆ ಸರ್ವ್. ಅದು ಹಾಸ್ಯಗಾರನ ಮೂರು ಗಂಟೆಯ ಮಾತು. 2019ರಲ್ಲಿ 12-12ಕ್ಕೆ ಟೈಬ್ರೇಕ್ ತಂದರು, 2022ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ 6-6ಕ್ಕೆ ಹತ್ತು ಪಾಯಿಂಟಿನ ಟೈಬ್ರೇಕ್. ಒಳ್ಳೆಯದೇ ಆಯಿತು. ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ಆದರೆ ಐದು ಸೆಟ್ಟನ್ನೇ ಮೂರಕ್ಕೆ ಇಳಿಸುವುದು ಬೇರೆ ಸಂಗತಿ. ಅದು ಮಂಗಳವನ್ನು ಬೇಗ ಹಾಡುವುದಲ್ಲ, ವೇಷ ಮೊದಲ ಸಲ ರಂಗಕ್ಕೆ ಬರುವ ಒಡ್ಡೋಲಗವನ್ನೇ ಹಾರಿಸುವುದು. ಕಾಲಮಿತಿಯಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇಲ್ಲಿ. ವೇಷ ಪರದೆಯ ಹಿಂದಿನಿಂದ ಒಂದು ಕೈ ತೋರಿಸಿ, ಸ್ವಲ್ಪ ಸ್ವಲ್ಪವೇ ಹೊರಬಂದು, ರಂಗಸ್ಥಳ ಎಷ್ಟು ದೊಡ್ಡದು ಅಂತ ಅಳೆದುಕೊಂಡು, ಚಂಡೆಯವನ ಕೈ ಹೇಗಿದೆ ಅಂತ ನೋಡಿಕೊಂಡು ಏರುತ್ತಿತ್ತು. ಈಗ ಬಂದ ಕೂಡಲೇ ಏರು ಪದ್ಯ, ಬಂದ ಕೂಡಲೇ ಯುದ್ಧ. ಐದು ಸೆಟ್ಟಿನ ಪಂದ್ಯದಲ್ಲಿ ಮೊದಲೆರಡು ಸೆಟ್ ಆ ಅಳತೆಯ ಕೆಲಸ ಮಾಡುತ್ತವೆ. ಈ ಮಗ ಸೆಕೆಂಡ್ ಸರ್ವ್ ಎಲ್ಲಿಗೆ ಹಾಕುತ್ತಾನೆ, ಸುಸ್ತಾದಾಗ ಎಂಥಾ ಚೆಂಡು ಬಿಡುತ್ತಾನೆ, ಇದೆಲ್ಲ ಗೊತ್ತಾಗುವುದು ಸೋಲುತ್ತ ಸೋಲುತ್ತ. ಮೊದಲು ಡೇವಿಸ್ ಕಪ್ಪಿನಲ್ಲಿ, ಒಲಿಂಪಿಕ್ಸ್ ಫೈನಲಿನಲ್ಲೂ ಐದು ಸೆಟ್ ಇತ್ತು. ಈಗ ಉಳಿದದ್ದು ಈ ನಾಲ್ಕು ಟೂರ್ನಿಗಳಲ್ಲಿ ಮಾತ್ರ.

2008ರ ವಿಂಬಲ್ಡನ್ ಫೈನಲ್ ತಗೊಳ್ಳಿ, ನಡಾಲ್ ಮತ್ತು ಫೆಡರರ್ ನಡುವಿನದ್ದು. ಮೂರು ಸೆಟ್ಟಿನ ಲೆಕ್ಕವಾದರೆ 6-4, 6-4, ನಡಾಲ್ ಗೆದ್ದ, ಟಿವಿ ಬಂದ್. ಮುಂದಿನದ್ದು ಯಾವುದೂ ಇಲ್ಲ. ನಾಲ್ಕನೇ ಸೆಟ್ಟಿನ ಟೈಬ್ರೇಕಿನಲ್ಲಿ, ಇನ್ನೊಂದು ಪಾಯಿಂಟ್ ಹೋದರೆ ಕಪ್ಪೇ ಹೋಗುವ ಚಾಂಪಿಯನ್‌ಶಿಪ್ ಪಾಯಿಂಟ್ ಎದುರಿಗಿದ್ದಾಗ, ಫೆಡರರ್ ಗೆರೆಯ ಗುಂಟ ಹೊಡೆದ ಆ ಬ್ಯಾಕ್‌ಹ್ಯಾಂಡ್ ಇಲ್ಲ. ಐದನೇ ಸೆಟ್ಟಿನ 9-7 ಇಲ್ಲ. ಆಗ ಸೆಂಟರ್ ಕೋರ್ಟಿಗೆ ಮಾಡು ಇರಲಿಲ್ಲ, ಅದು ಬಂದದ್ದು ಮರುವರ್ಷ. ಅಲ್ಲೂ ಮಳೆ, ಇಲ್ಲೂ ಮಳೆ. ಅಲ್ಲಿ ಹೊಳವಾಗಿ ಆಟ ಶುರುವಾದರೆ ಇಲ್ಲಿ ಡಿಶ್ಶಿಗೆ ಸಿಗ್ನಲ್ ಇಲ್ಲ. ನನ್ನ ಅಣ್ಣ ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಇಳಿದು, ಬ್ಯಾಟರಿ ಬೆಳಕಿನಲ್ಲಿ ಡಿಶ್ಶನ್ನು ಪಂಚೆಯಲ್ಲಿ ಒರೆಸುತ್ತ "ಬಂತನಾ? ಬಂತನಾ?" ಅಂತ ಕೂಗುವುದು, ನಾನು ಒಳಗಿನಿಂದ "ಹೋತು, ಬಂತು, ಹೋತು" ಅನ್ನುವುದು. ಮುಗಿಯುವಾಗ ನಮ್ಮಲ್ಲಿ ಒಂದೂಮುಕ್ಕಾಲು ಗಂಟೆ, ಅಲ್ಲಿ ಕತ್ತಲಾಗಿತ್ತು. ಗೆದ್ದವನು ನಡಾಲನೇ. ಮೂರು ಸೆಟ್ಟಿನಲ್ಲೂ ಅವನೇ, ಐದರಲ್ಲೂ ಅವನೇ. ಹಾಗಾದರೆ ವ್ಯತ್ಯಾಸ ಏನು ಅಂತ ನನ್ನ ಗೆಳೆಯ ಕೇಳಬಹುದು. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಇವನು ಚಿಟ್ಟಾಣಿಯವರ ಕೀಚಕನನ್ನು ನೋಡಲು ಕುಮಟಾದ ತನಕ ಹೋಗಿದ್ದ. ಅದಕ್ಕೆ ಉತ್ತರ ಅವನೇ ಹೇಳಲಿ.

ಇನ್ನು ಈ ಸಲದ, ಅಂದರೆ 2025ರ ವಿಂಬಲ್ಡನ್. ಸಿನ್ನರ್ ಫೈನಲಿನಲ್ಲಿ ಅಲ್ಕರಾಜನನ್ನು 4-6, 6-4, 6-4, 6-4ರಲ್ಲಿ ಸೋಲಿಸಿದ. ಮೂರೇ ಸೆಟ್ ಇದ್ದಿದ್ದರೂ ಅವನೇ ಗೆಲ್ಲುತ್ತಿದ್ದ ಅನ್ನಬಹುದು. ಆದರೆ ಅವನು ಫೈನಲಿಗೆ ಬರುತ್ತಲೇ ಇರಲಿಲ್ಲ! ನಾಲ್ಕನೇ ಸುತ್ತಿನಲ್ಲಿ ಗ್ರಿಗೊರ್ ಡಿಮಿಟ್ರೊವ್ ಎದುರು ಮೊದಲೆರಡು ಸೆಟ್ 6-3, 7-5ರಲ್ಲಿ ಕಳಕೊಂಡಿದ್ದ. ಮೂರನೇ ಸೆಟ್ 2-2 ಆದಾಗ ಡಿಮಿಟ್ರೊವ್ ಒಂದು ಏಸ್ ಹೊಡೆದ, ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದ. ಎದೆಯ ಸ್ನಾಯುವಿಗೆ ಪೆಟ್ಟು. ಅಳುತ್ತ ಹೊರಗೆ ಹೋದ. ಇದು ನನ್ನ ವಾದಕ್ಕೆ ಸಾಕ್ಷಿಯೋ ಗೆಳೆಯನ ವಾದಕ್ಕೋ, ಇವತ್ತಿಗೂ ನನಗೆ ಇತ್ಯರ್ಥವಾಗಿಲ್ಲ. ಚೆನ್ನಾಗಿ ಆಡಿದವನ ಮೈ ಕೈಕೊಟ್ಟಿತು, ಸೋಲುತ್ತಿದ್ದವನು ಕಪ್ ಎತ್ತಿದ. ಐದು ಸೆಟ್ ಬೇಕು ಅನ್ನುವವನು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ಬಾಯಿ ನಿಜವಾಗಿ ಮುಚ್ಚಿಸಿದವಳು ಅಕ್ಕನ ಮಗಳು. "ಮಾವಾ, ಅಷ್ಟು ಚಂದ ಇದ್ರೆ ಹೆಂಗಸರಿಗೆ ಯಾಕೆ ಮೂರೇ ಸೆಟ್? ನಮ್ಮ ಒಡ್ಡೋಲಗ ಯಾರೂ ನೋಡ್ತ್ವಿಲ್ಯ?" ಅಂದಳು. ವಿಂಬಲ್ಡನ್ನಿನಲ್ಲಿ ಬಹುಮಾನದ ಹಣ 2007ರಿಂದ ಇಬ್ಬರಿಗೂ ಸಮ ಅಂತ ಹೇಳಹೋದೆ. ಅವಳು ಕೇಳಿದ್ದು ಹಣದ ಮಾತಲ್ಲ. ಈ ಸಲ ಸ್ವಿಯಾಂಟೆಕ್ ಹೆಂಗಸರ ಫೈನಲನ್ನು 6-0, 6-0ರಲ್ಲಿ 57 ನಿಮಿಷಕ್ಕೆ ಮುಗಿಸಿದಳು. ಅನಿಸಿಮೋವಾ ಎಂಬ ಆ ಹುಡುಗಿಗೆ ಮೈ ಬಿಸಿಯಾಗುವ ಮೊದಲೇ ಕಪ್ ಹೋಗಿತ್ತು. ಇನ್ನೊಂದು ಸೆಟ್ ಸಿಕ್ಕಿದ್ದರೆ? ಹಿಂದೆ ಹೆಂಗಸರ ವರ್ಷಾಂತ್ಯದ ಟೂರ್ನಿಯ ಫೈನಲಿಗೆ 1984ರಿಂದ 1998ರ ತನಕ ಐದು ಸೆಟ್ ಇತ್ತು, ಆಡಿ ತೋರಿಸಿದ್ದಾರೆ. ಕ್ವಾರ್ಟರ್‌ಫೈನಲಿನಿಂದ ಮುಂದಕ್ಕೆ ಅವರಿಗೂ ಐದು ಕೊಡಲಿ ಅನ್ನುವುದು ಅವಳ ವಾದ. ಅದನ್ನು ಅಲ್ಲಗಳೆಯಲು ನನ್ನ ಹತ್ತಿರ ಮಾತಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಜೂನ್ 8ರ ಫ್ರೆಂಚ್ ಓಪನ್ ಫೈನಲ್, ಇದೇ ಸಿನ್ನರ್ ಮತ್ತು ಅಲ್ಕರಾಜ್. ಅಲ್ಕರಾಜ್ ಮೊದಲೆರಡು ಸೆಟ್ ಸೋತ. ಮೂರನೆಯದು ಗೆದ್ದ. ನಾಲ್ಕನೆಯದರಲ್ಲಿ 3-5 ಹಿಂದೆ, ತನ್ನದೇ ಸರ್ವಿನಲ್ಲಿ 0-40. ಸಿನ್ನರನಿಗೆ ಮೂರು ಚಾಂಪಿಯನ್‌ಶಿಪ್ ಪಾಯಿಂಟ್. ಹೊರಗೆ ಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಕುಂಯ್ ಅನ್ನಲು ಶುರು ಮಾಡಿತ್ತು. ನಾನು ಟಿವಿ ಆರಿಸಿ ಹೋಗಿ ಮಲಗಿದೆ. ಹೌದು, ಐದು ಸೆಟ್ಟಿನ ಈ ಮಹಾ ಭಕ್ತ! ಚಿಕ್ಕವನಿದ್ದಾಗ ಆಟಕ್ಕೆ ಹೋದರೂ ಹೀಗೇ, ಹನ್ನೆರಡಕ್ಕೆ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆ. ದೊಡ್ಡ ವೇಷ ಬರುವ ಹೊತ್ತಿಗೆ ಅಜ್ಜ ಕಾಲಿನಿಂದ ತಟ್ಟಿ ಎಬ್ಬಿಸಬೇಕಿತ್ತು. ಈ ಸಲ ತಟ್ಟಿದ್ದು ಫೋನು. ಕಾರವಾರದಲ್ಲಿರುವ ಸ್ನೇಹಿತನ ಮೆಸೇಜು, "ನೋಡ್ತಾ ಇದ್ಯಾ?"

ಎದ್ದು ಬಂದಾಗ ಕರೆಂಟ್ ಬಂದಿತ್ತು. ಐದನೇ ಸೆಟ್ಟು ನಡೆದಿತ್ತು. 5-4ರಲ್ಲಿ ಅಲ್ಕರಾಜ್ ಕಪ್ಪಿಗೆ ಸರ್ವ್ ಮಾಡಿದರೆ ಸಿನ್ನರ್ ಅದನ್ನೂ ಮುರಿದ. ನೀರು ಕುಡಿಯಲು ಎದ್ದ ಅಪ್ಪಯ್ಯ ಬಾಗಿಲಲ್ಲಿ ನಿಂತ. ಎರಡು ಸೆಟ್ ನೋಡಿ "ಮುಗತ್ತು" ಅಂತ ಒಳಗೆ ಹೋಗಿದ್ದವನು.

"ಇನ್ನೂ ಮುಗದ್ದಿಲ್ಯನ ತಮಾ?"

"ಇಲ್ಲೆ."

"ಆ ಹುಡ್ಗ ಸೋತಿದ್ನಲ?"

"ಸೋತಿದ್ದ."

ಅಪ್ಪಯ್ಯ ಕುರ್ಚಿ ಎಳೆದುಕೊಂಡು ಕೂತ. ಟೈಬ್ರೇಕ್ ಶುರುವಾಗಿ 7-0 ಆಗುವ ಹೊತ್ತಿಗೆ ಕವಳದ ಹರಿವಾಣ ಹತ್ತಿರ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚಲು ಶುರು ಮಾಡಿದ. ನಡುರಾತ್ರಿ ಹನ್ನೆರಡಾಗಿತ್ತು.